ಒಂದೇ ಬೆರಳಿನಲ್ಲಿ ಸ, ಗ, ಪ

‘ಸರ್, ಮಗ ಯುಕುಲೇಲಿ ಬೇಕಂತಾನ್ರೀ. ಓದೋದು ಬಿಟ್ಟು ಇದೇನ್ರೀ?’ ಎಂದು ಕೇಳುವ ಪಾಲಕರು ನಮ್ಮ ಅಮ್ಮಿನಬಾವಿಯಲ್ಲೂ ಇದ್ದಾರೆ. ಭಜನೆಯ ಹಾರ್ಮೋನಿಯಂ ಕೇಳಿ ಬೆಳೆದ ಊರಿಗೆ ಈ ನಾಲ್ಕು ತಂತಿಯ ಪುಟ್ಟ ವಾದ್ಯ ಆಟಿಕೆಯಂತೆ ಕಾಣುವುದು ಸಹಜ. 1879ರಲ್ಲಿ ಪೋರ್ತುಗೀಜರ ಮದೀರಾ ದ್ವೀಪದಿಂದ ಕಬ್ಬಿನ ತೋಟದ ಕೆಲಸಕ್ಕೆಂದು ಹವಾಯಿಗೆ ಹೋದವರು ಒಯ್ದ ಚಿಕ್ಕ ತಂತಿವಾದ್ಯದಿಂದ ಇದು ಹುಟ್ಟಿತು.

ಇದರ ಮೊದಲ ಪಾಠ ‘ಸಿ ಮೇಜರ್’ ಎಂಬ ಕಾರ್ಡ್. ಹೆಸರಿಗೆ ಹೆದರಬೇಕಿಲ್ಲ, ಸ, ಗ, ಪ ಮೂರನ್ನೂ ಒಟ್ಟಿಗೆ ನುಡಿಸಿದರೆ ಅದೇ ಮೇಜರ್ ಕಾರ್ಡ್. ವಾದ್ಯವನ್ನು ಎದೆಗೆ ಆನಿಸಿ ಹಿಡಿದಾಗ ಮೇಲಿನಿಂದ ಕೆಳಗೆ ತಂತಿಗಳು ಪ, ಸ, ಗ, ಧ. ಕೊನೆಯ ‘ಧ’ ಒಂದೇ ಇಲ್ಲಿ ಹೊರಗಿನದು. ಎಡಗೈಯ ಉಂಗುರ ಬೆರಳಿನಿಂದ ಆ ತಂತಿಯನ್ನು ಮೂರನೆಯ ಫ್ರೆಟ್ಟಿನ (ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿ) ತುಸು ಹಿಂದೆ ಒತ್ತಿರಿ. ಕೋಮಲ ನಿ, ಶುದ್ಧ ನಿ ದಾಟಿ ಅದು ತಾರಸ್ಥಾಯಿಯ ‘ಸ’ ಆಗುತ್ತದೆ. ಈಗ ಬಲಗೈ ಹೆಬ್ಬೆರಳಿನಿಂದ ನಾಲ್ಕನ್ನೂ ಮೇಲಿನಿಂದ ಕೆಳಗೆ ಸವರಿ. ಅಷ್ಟೇ.

ವಿದ್ಯಾರ್ಥಿಗಳೇ, ಅಳತೆಪಟ್ಟಿ ತನ್ನಿ. ತಂತಿಯ ಉದ್ದ 35 ಸೆಂ.ಮೀ. ಇದ್ದರೆ ಮೂರನೆಯ ಫ್ರೆಟ್ಟಿನಿಂದ ಆಚೆ ಕಂಪಿಸುವ ಭಾಗ ಸುಮಾರು 29.4 ಸೆಂ.ಮೀ. ತೆರೆದ ತಂತಿ ಸೆಕೆಂಡಿಗೆ 440 ಬಾರಿ ಕಂಪಿಸುತ್ತದೆ. ಉದ್ದ ಕಡಿಮೆಯಾದಷ್ಟೂ ಕಂಪನ ಹೆಚ್ಚು: 440ನ್ನು 35ರಿಂದ ಗುಣಿಸಿ 29.4ರಿಂದ ಭಾಗಿಸಿ. ಉತ್ತರ ಸುಮಾರು 524. ಕೆಳಗಿನ ‘ಸ’ 262. ಸರಿಯಾಗಿ ಅದರ ಎರಡು ಪಟ್ಟು!

ಮಕ್ಕಳು ವಾದ್ಯ ಬಿಡುವುದು ಬಹುತೇಕ ಮೊದಲ ವಾರದಲ್ಲಿ. ‘ನನಗ ಸಂಗೀತ ಬರೂದಿಲ್ಲ’ ಎನ್ನುತ್ತಾರೆ. ಎಷ್ಟೋ ಸಲ ತಪ್ಪು ಅವರದಲ್ಲ, ಶ್ರುತಿಯದು. ಹೊಸ ನೈಲಾನ್ ತಂತಿ ಹಿಗ್ಗುತ್ತಲೇ ಇರುತ್ತದೆ. ದಿನಾಲೂ, ಕೆಲವೊಮ್ಮೆ ದಿನಕ್ಕೆರಡು ಸಲ ಶ್ರುತಿ ಮಾಡಲೇಬೇಕು. ಮೊಬೈಲಿನಲ್ಲಿ ಪುಕ್ಕಟೆ ಟ್ಯೂನರ್ ಸಿಗುತ್ತದೆ. ನಂತರ ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿ. ‘ಗ’ ಸತ್ತಂತೆ ಕೇಳಿದರೆ ಉಂಗುರ ಬೆರಳು ಪಕ್ಕಕ್ಕೆ ತಾಗಿದೆ. ಅದನ್ನು ಕಮಾನಿನಂತೆ ಬಾಗಿಸಿ. ಕೊನೆಯ ತಂತಿ ಗರಗರ ಎಂದರೆ ಬೆರಳು ಫ್ರೆಟ್ಟಿನಿಂದ ದೂರವಿದೆ. ಬಲ ಹಾಕಿ ಅದುಮಿದರೆ ತುದಿ ನೋಯುತ್ತದೆಯೇ ಹೊರತು ನಾದ ಸುಧಾರಿಸದು. ದಿನಕ್ಕೆ ಹತ್ತು ನಿಮಿಷ ಸಾಕು. ಎಸ್ಸೆಸ್ಸೆಲ್ಸಿ ಓದಿಗೆ ಇದರಿಂದ ಧಕ್ಕೆಯಾಗದು.

ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರುಗಳನ್ನು ಕೇಳಿದ ಧಾರವಾಡದ ಕಿವಿಗೆ ಇಲ್ಲೊಂದು ತಕರಾರು ಇರಬಹುದು. ಅದು ನ್ಯಾಯವೇ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಕೇಳಿಬರುವ ಗಾಂಧಾರಕ್ಕೂ ಷಡ್ಜಕ್ಕೂ ಇರುವ ಅನುಪಾತ 5:4. ಅದರಂತೆ 262ಕ್ಕೆ 327 ಬರಬೇಕು. ಫ್ರೆಟ್ಟುಗಳ ಸಮ ವಿಭಜನೆಗೆ ಹೊಂದಿಸಿದ ಯುಕುಲೇಲಿಯ ‘ಗ’ 330. ಹಾರ್ಮೋನಿಯಂದೂ ಇದೇ ಕಥೆ. ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ದೂರವಿಟ್ಟಿದ್ದಕ್ಕೆ ಇದೂ ಒಂದು ಕಾರಣ. ತಂಬೂರಿ ಇರುವ ಮನೆಯ ಮಕ್ಕಳು ಎರಡೂ ಗಾಂಧಾರಗಳನ್ನು ಒಂದಾದ ಮೇಲೊಂದು ಕೇಳಿ, ಯಾವುದು ಏರಿದೆ ಎಂದು ಅಜ್ಜನಿಗೋ ಅಮ್ಮನಿಗೋ ಹೇಳಲಿ.