ಹಳೆಯ ಪತ್ರಿಕೆಗಳ ಡಿಜಿಟಲೀಕರಣ: ಸ್ಕ್ಯಾನ್ ಮಾಡಿದರೆ ಉಳಿಯಿತೇ?

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಪತ್ರಿಕಾ ದಿನಾಚರಣೆಯ ಕಾರಣದಿಂದ ಈ ಸಂಗತಿ ಅನೇಕ ಮಕ್ಕಳಿಗೂ ಗೊತ್ತಿರುತ್ತದೆ. ಆದರೆ ಅಂದಿನಿಂದ ಅಚ್ಚಾದ ಪತ್ರಿಕೆಗಳು ಈಗ ಯಾವ ಸ್ಥಿತಿಯಲ್ಲಿವೆ ಎಂದು ತರಗತಿಯಲ್ಲಿ ಕೇಳುವುದು ಅಪರೂಪ. ಕೇಳಿದರೆ, "ಸ್ಕ್ಯಾನ್ ಮಾಡಿಟ್ಟರೆ ಆಯ್ತಲ್ಲ ಸಾರ್" ಎಂಬ ಉತ್ತರ ಸಿಗುತ್ತದೆ. ಇದು ಅರ್ಧ ಉತ್ತರ ಮಾತ್ರ. ಪತ್ರಿಕೆಯನ್ನು ಉಳಿಸುವುದೆಂದರೆ ಕಾಗದವನ್ನು ಕಾಪಾಡುವುದು, ಅದರ ಚಿತ್ರ ತೆಗೆಯುವುದು, ಚಿತ್ರದಿಂದ ಪಠ್ಯ ಪಡೆಯುವುದು ಎಂಬ ಮೂರು ಬೇರೆ ಬೇರೆ ಕೆಲಸಗಳು. ಒಂದು ಇನ್ನೊಂದರ ಬದಲಿಯಾಗದು. ಈ ಮೂರನ್ನೂ ವಿಜ್ಞಾನ ಪಾಠಕ್ಕೆ ಜೋಡಿಸಬಹುದು.

ಕಾಗದ ಏಕೆ ಹಳದಿಯಾಗುತ್ತದೆ?

ಹಿಂದೆ ಕಾಗದವನ್ನು ಹತ್ತಿ, ನಾರುಬಟ್ಟೆಗಳ ಚಿಂದಿಯಿಂದ ಮಾಡುತ್ತಿದ್ದರು. 19ನೇ ಶತಮಾನದ ಉತ್ತರಾರ್ಧದಲ್ಲಿ ಅಗ್ಗದ ಮರದ ತಿರುಳು ಬಳಕೆಗೆ ಬಂದಿತು. ಮರವನ್ನು ಅರೆದು ಮಾಡಿದ ತಿರುಳಿನಲ್ಲಿ ಸೆಲ್ಯುಲೋಸ್ ಜೊತೆಗೆ ಲಿಗ್ನಿನ್ ಉಳಿದಿರುತ್ತದೆ. ಬೆಳಕು ಮತ್ತು ಗಾಳಿಗೆ ಲಿಗ್ನಿನ್ ಉತ್ಕರ್ಷಣಗೊಂಡು ಹಾಳೆ ಹಳದಿಯಾಗುತ್ತದೆ, ಆಮ್ಲವೂ ಹುಟ್ಟುತ್ತದೆ. ಶಾಯಿ ಹರಡದಿರಲಿ ಎಂದು ಸೇರಿಸುತ್ತಿದ್ದ ಆಲಂ ಕೂಡ ಕಾಗದವನ್ನು ಆಮ್ಲೀಯವಾಗಿಸುತ್ತಿತ್ತು. ತೇವಾಂಶವಿದ್ದಾಗ ಈ ಆಮ್ಲ ಸೆಲ್ಯುಲೋಸಿನ ಉದ್ದ ಸರಪಳಿಗಳನ್ನು ಕತ್ತರಿಸುತ್ತದೆ. ಮಡಿಸಿದ ಕಡೆ ಹಾಳೆ ಹಪ್ಪಳದಂತೆ ಮುರಿಯುವುದು ಇದರಿಂದಲೇ.

ಕಾರಣ ತಿಳಿದರೆ ಪರಿಹಾರವೂ ತಿಳಿಯುತ್ತದೆ. ತಂಪಾದ, ಕತ್ತಲೆಯ, ತೇವಾಂಶ ಹೆಚ್ಚು ಏರಿಳಿಯದ ಕೋಣೆಯಲ್ಲಿ, ಆಮ್ಲರಹಿತ ಪೆಟ್ಟಿಗೆಗಳಲ್ಲಿ ಪತ್ರಿಕೆಗಳನ್ನು ಚಪ್ಪಟೆಯಾಗಿ ಇಡಬೇಕು. ಕಾಗದದ ಆಮ್ಲವನ್ನು ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂನ ಕ್ಷಾರೀಯ ಸಂಯುಕ್ತಗಳಿಂದ ತಟಸ್ಥಗೊಳಿಸುವ ವಿಧಾನವೂ ಇದೆ. ಇದು ಮುಂದಿನ ಹಾನಿಯನ್ನು ನಿಧಾನಗೊಳಿಸುತ್ತದೆ. ಆಗಲೇ ಪುಡಿಯಾದ ಹಾಳೆಗೆ ಬಲ ಮರಳಿ ಬರುವುದಿಲ್ಲ.

ಚಿತ್ರ ತೆಗೆಯುವುದು

20ನೇ ಶತಮಾನದಲ್ಲಿ ಗ್ರಂಥಾಲಯಗಳು ಮೈಕ್ರೋಫಿಲಂ ನೆಚ್ಚಿಕೊಂಡವು. ಅಸಿಟೇಟ್ ಫಿಲಂ ಕಾಲಕ್ರಮೇಣ ಕೊಳೆತು ಅಸಿಟಿಕ್ ಆಮ್ಲ ಬಿಡುತ್ತದೆ. ಪೆಟ್ಟಿಗೆ ತೆರೆದರೆ ವಿನೆಗರ್ ವಾಸನೆ ಬರುತ್ತದೆ. ಪಾಲಿಯೆಸ್ಟರ್ ಫಿಲಂ ಸರಿಯಾಗಿ ಇಟ್ಟರೆ ನೂರಾರು ವರ್ಷ ಬಾಳುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ 'ಕ್ರೋನಿಕ್ಲಿಂಗ್ ಅಮೆರಿಕ' ಸಂಗ್ರಹದ ಬಹುಪಾಲು ಪುಟಗಳನ್ನು ಇಂಥ ಫಿಲಂನಿಂದಲೇ ಸ್ಕ್ಯಾನ್ ಮಾಡಲಾಗಿದೆ.

ಸ್ಕ್ಯಾನಿಂಗಿನ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು. 15 ಅಂಗುಲ ಅಗಲ, 22 ಅಂಗುಲ ಉದ್ದದ ಪುಟವನ್ನು ಅಂಗುಲಕ್ಕೆ 400 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ 6000 × 8800, ಅಂದರೆ 5.28 ಕೋಟಿ ಬಿಂದುಗಳು. ಕಪ್ಪು-ಬಿಳುಪಿನ ಛಾಯೆಗಳಲ್ಲಿ ಬಿಂದುವಿಗೆ 1 ಬೈಟ್ ಎಂದರೂ ಪುಟಕ್ಕೆ ಸುಮಾರು 53 ಎಂಬಿ. ಬಣ್ಣದಲ್ಲಾದರೆ ಅದರ ಮೂರು ಪಟ್ಟು. ದಿನಕ್ಕೆ 8 ಪುಟದ ಪತ್ರಿಕೆಯ ಒಂದು ವರ್ಷಕ್ಕೆ, ಕುಗ್ಗಿಸದೆ ಇಟ್ಟರೆ, ಸುಮಾರು 154 ಜಿಬಿ ಬೇಕು. ಇದನ್ನು ಒಂದೇ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟರೆ ಅದು ಕೆಟ್ಟ ದಿನ ಎಲ್ಲವೂ ಹೋಯಿತು. ಆದ್ದರಿಂದ ಬೇರೆ ಬೇರೆ ಊರುಗಳಲ್ಲಿ ಪ್ರತಿಗಳನ್ನು ಇಡಬೇಕು, ಕಡತಗಳು ಕೆಟ್ಟಿಲ್ಲವೆಂದು ಆಗಾಗ ಪರೀಕ್ಷಿಸಬೇಕು, ಹೊಸ ಸಾಧನಗಳಿಗೆ ವರ್ಗಾಯಿಸುತ್ತಿರಬೇಕು. ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆಯನ್ನು ದಾಖಲಿಸದಿದ್ದರೆ ಚಿತ್ರವಿದ್ದೂ ಸಿಗದಂತಾಗುತ್ತದೆ.

'ಧನ' ಹೋಗಿ 'ದನ' ಬಂದರೆ?

ಚಿತ್ರದಲ್ಲಿ ಪದ ಹುಡುಕಲು ಆಗುವುದಿಲ್ಲ. ಅದಕ್ಕೆ ಅಕ್ಷರಗಳನ್ನು ಗುರುತಿಸುವ ಒಸಿಆರ್ ತಂತ್ರಾಂಶ ಬೇಕು. ಕನ್ನಡದಲ್ಲಿ ಈ ಕೆಲಸ ಕಷ್ಟ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಅರ್ಕಾವೊತ್ತು ಕನ್ನಡ ಅಂಕಿ ೯ರಂತೆ ಕಾಣುತ್ತದೆ. 'ಮ' ಮತ್ತು 'ವು' ಬಹುತೇಕ ಒಂದೇ ರೂಪ. ಮಾಸಿದ ಪುಟದಲ್ಲಿ ಮಹಾಪ್ರಾಣದ ಚಿಕ್ಕ ಸೀಳು ಅಳಿಸಿದರೆ 'ಧನಸಹಾಯ'ವು 'ದನಸಹಾಯ'ವಾಗುತ್ತದೆ. ಆಗ 'ಧನಸಹಾಯ' ಎಂದು ಹುಡುಕುವವರಿಗೆ ಆ ಸುದ್ದಿ ಇಲ್ಲವೇ ಇಲ್ಲ.

ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿದೆ. ಅದರ 'ಟ್ರೋವ್' ತಾಣದಲ್ಲಿ ಪುಟದ ಚಿತ್ರದ ಪಕ್ಕದಲ್ಲೇ ಪಠ್ಯವಿರುತ್ತದೆ. ಓದುಗರೇ ತಪ್ಪುಗಳನ್ನು ತಿದ್ದುತ್ತಾರೆ.

ಮೂಲ ಪ್ರತಿಯನ್ನು ಎಸೆಯಬಹುದೇ?

ಇಲ್ಲಿ ಒಂದು ಎಚ್ಚರಿಕೆ ಬೇಕು. ಮೈಕ್ರೋಫಿಲಂ ಆಯಿತೆಂದು ಅನೇಕ ದೊಡ್ಡ ಗ್ರಂಥಾಲಯಗಳು ಮೂಲ ಸಂಪುಟಗಳನ್ನೇ ವಿಲೇವಾರಿ ಮಾಡಿದವು. ಕಪ್ಪು-ಬಿಳುಪು ಫಿಲಂನಲ್ಲಿ ಬಣ್ಣದ ಪುರವಣಿಗಳ ಬಣ್ಣ ಹೋಯಿತು. ಕೆಲವು ಪುಟಗಳು ಓದಲಾರದಂತೆ ಬಂದವು. 1999ರಲ್ಲಿ ಬ್ರಿಟಿಷ್ ಲೈಬ್ರರಿ ತನ್ನಲ್ಲಿದ್ದ ಅಮೆರಿಕದ ಪತ್ರಿಕೆಗಳ ಸಂಪುಟಗಳನ್ನು ಮಾರಾಟಕ್ಕಿಟ್ಟಾಗ ಲೇಖಕ ನಿಕೋಲ್ಸನ್ ಬೇಕರ್ ಅವುಗಳಲ್ಲಿ ಬಹಳಷ್ಟನ್ನು ಕೊಂಡು ಉಳಿಸಿದರು. ಆ ಸಂಗ್ರಹ ಈಗ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದೆ. ಅಂದಿನ ಫಿಲಂಗೆ ಸಲ್ಲುವ ಮಾತು ಇಂದಿನ ಸ್ಕ್ಯಾನಿಗೂ ಸಲ್ಲುತ್ತದೆ. ಮುಂದೆ ಇನ್ನೂ ಉತ್ತಮ ಯಂತ್ರ ಬಂದಾಗ ಮತ್ತೆ ಸ್ಕ್ಯಾನ್ ಮಾಡಲು ಕಾಗದ ಇರಬೇಕು.

ಬೋಧನಾಭ್ಯಾಸದಲ್ಲಿ ಬಳಕೆ

10ನೇ ತರಗತಿಯ 'ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು' ಪಾಠಕ್ಕೆ ಪೂರಕವಾಗಿ ಎರಡು ಚಟುವಟಿಕೆಗಳನ್ನು ಪಾಠಯೋಜನೆಯಲ್ಲಿ ಸೇರಿಸಬಹುದು.

1. ಇಂದಿನ ಪತ್ರಿಕೆಯ ಒಂದು ತುಂಡು ಮತ್ತು ನೋಟ್‌ಬುಕ್ಕಿನ ಒಂದು ಹಾಳೆ ತೆಗೆದುಕೊಳ್ಳಿ. ಎರಡರ ಅರ್ಧಭಾಗವನ್ನೂ ದಪ್ಪ ರಟ್ಟಿನಿಂದ ಮುಚ್ಚಿ ಒಂದು ವಾರ ಬಿಸಿಲಿನಲ್ಲಿಡಿ. ಯಾವುದು ಹೆಚ್ಚು ಹಳದಿಯಾಯಿತು, ಮುಚ್ಚಿದ ಭಾಗ ಹೇಗಿದೆ ಎಂದು ಮಕ್ಕಳು ದಾಖಲಿಸಿ ಕಾರಣ ಹೇಳಲಿ.

2. ಹಳೆಯ ಪತ್ರಿಕೆಯ ಒಂದು ಅಂಕಣದ ನೆರಳಚ್ಚು ಪ್ರತಿಯನ್ನು ಎರಡು ಗುಂಪುಗಳಿಗೆ ಕೊಡಿ. ಎರಡೂ ಗುಂಪುಗಳು ಪ್ರತ್ಯೇಕವಾಗಿ ನಕಲು ಮಾಡಿ ನಂತರ ಹೋಲಿಸಲಿ. ಎಲ್ಲಿ ವ್ಯತ್ಯಾಸ ಬಂದಿತೋ ಅಲ್ಲಿ ಮೂಲವನ್ನು ನೋಡಿಯೇ ತೀರ್ಮಾನಿಸಬೇಕು.

ಮೂಲ ಪ್ರತಿ ಏಕೆ ಬೇಕು ಎಂಬುದಕ್ಕೆ ಈ ಎರಡನೆಯ ಚಟುವಟಿಕೆಯಲ್ಲೇ ಮಕ್ಕಳಿಗೆ ಉತ್ತರ ಸಿಗುತ್ತದೆ. ಶಾಲೆಯ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಇದ್ದರೆ ರದ್ದಿಗೆ ಹಾಕುವ ಮೊದಲು ಅದರ ಹೆಸರು, ವರ್ಷ, ತಿಂಗಳುಗಳ ಪಟ್ಟಿಯೊಂದನ್ನು ಮಕ್ಕಳಿಂದ ಮಾಡಿಸೋಣ. ಸ್ಕ್ಯಾನರ್ ಇಲ್ಲದ ಶಾಲೆಯಲ್ಲೂ ಈ ಕೆಲಸ ಆಗುತ್ತದೆ. ಏನಿದೆಯೆಂದು ಗೊತ್ತಾದ ಮೇಲಷ್ಟೇ ಯಾವುದನ್ನು ಉಳಿಸಬೇಕೆಂದು ಹೇಳಲು ಸಾಧ್ಯ.