ಬೋಗಿಯೊಳಗಿನ ಬಂದಿ ಗಿರಾಕಿ

ಪ್ರಯಾಣಕ್ಕೆ ಎರಡು ಬೆಲೆಗಳಿರುತ್ತವೆ: ಟಿಕೆಟಿನ ಮೇಲೆ ಅಚ್ಚಾದದ್ದು ಒಂದು, ಹತ್ತಿ ಕುಳಿತ ಮೇಲೆ ನೀರು, ಚಹಾ, ಊಟ ಎಂದು ಬಿಡಿಬಿಡಿಯಾಗಿ ಜೇಬಿನಿಂದ ಹೋಗುವುದು ಇನ್ನೊಂದು. ಮೊದಲನೆಯದನ್ನು ಹತ್ತು ಕಡೆ ಹೋಲಿಸಿ ನೋಡುವ ಜನ ಎರಡನೆಯದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂಬುದು ಸಾರಿಗೆ ವ್ಯಾಪಾರದಲ್ಲಿರುವವರಿಗೆಲ್ಲ ಗೊತ್ತಿರುವ ಸಂಗತಿ. ಈ ತಿಳಿವಳಿಕೆಯನ್ನು ಪೂರ್ಣಪ್ರಮಾಣದ ಉದ್ಯಮವಾಗಿ ಬೆಳೆಸಿದವರು ವಿಹಾರ ಹಡಗುಗಳ ಮಾಲೀಕರು. ಪ್ರವಾಸಿಗರನ್ನು ಹತ್ತಿಸಿಕೊಂಡು ಹಲವು ದಿನ ಸಮುದ್ರದಲ್ಲಿ ಸುತ್ತಾಡಿಸುವ ತೇಲುವ ಹೋಟೆಲುಗಳೇ ಈ ಹಡಗುಗಳು. ಇವುಗಳ ಲೆಕ್ಕಪತ್ರದಲ್ಲಿ ಟಿಕೆಟಿನ ಹಣ ಬೇರೆ, ಮದ್ಯ, ಪಾನೀಯ, ಜೂಜು, ಅಂಗಡಿ, ದಡದ ಮೇಲಿನ ಸುತ್ತಾಟಗಳಿಂದ ಬರುವ ‘ಹಡಗಿನೊಳಗಿನ ವರಮಾನ’ ಬೇರೆ. ಜಗತ್ತಿನ ಅತಿದೊಡ್ಡ ಹಡಗುವಿಹಾರ ಸಂಸ್ಥೆಯಾದ ಕಾರ್ನಿವಲ್ 2023ರಲ್ಲಿ ಗಳಿಸಿದ ಸುಮಾರು 2,160 ಕೋಟಿ ಡಾಲರ್ ವರಮಾನದಲ್ಲಿ ಟಿಕೆಟಿನ ಪಾಲು ಸುಮಾರು 1,410 ಕೋಟಿ. ಉಳಿದ 750 ಕೋಟಿ ಡಾಲರು, ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು, ಬಹುಮಟ್ಟಿಗೆ ಜನ ಹಡಗು ಹತ್ತಿದ ಮೇಲೆ ಬಿಚ್ಚಿದ ಕೈಚೀಲದಿಂದ ಬಂದದ್ದು.

ಹೀಗಿರುವಾಗ ಈಜುಕೊಳದ ಪಕ್ಕದಲ್ಲಿ ಮಲಗಿದವನ ಬಳಿಗೆ ಪರಿಚಾರಕನು ತಟ್ಟೆ ಹಿಡಿದು ಗಳಿಗೆಗೊಮ್ಮೆ ಬರುವುದರಲ್ಲಿ, ‘ದಿನಕ್ಕೆ ಇಷ್ಟು ಕಟ್ಟಿದರೆ ಬೇಕಾದಷ್ಟು ಕುಡಿಯಿರಿ’ ಎಂಬ ಇಡಿಗಂಟಿನ ಯೋಜನೆಯನ್ನು ಹಡಗು ಹತ್ತುವ ಮೊದಲೇ ಮಾರುವುದರಲ್ಲಿ, ಮನೆಯಿಂದ ನೀರಿನ ಬಾಟಲಿ ತರಬಾರದೆಂದು ಕೆಲವು ಸಂಸ್ಥೆಗಳು ಕಟ್ಟಳೆ ಮಾಡುವುದರಲ್ಲಿ ಸೋಜಿಗವೇನಿಲ್ಲ. ಟಿಕೆಟಿನ ಬೆಲೆಯನ್ನು ಪೈಪೋಟಿ ಕೆಳಗಿಳಿಸುತ್ತದೆ, ಇಳಿದ ಬೆಲೆಯನ್ನು ತಟ್ಟೆ ಹಿಡಿದವನು ಮೇಲೆತ್ತಬೇಕಾಗುತ್ತದೆ. ಸೇವೆಗೆ ಇದ್ದವನು ಮಾರಾಟಕ್ಕೆ ನಿಂತಾಗ ಸೇವೆ ಸೊರಗುವುದು ಸಹಜ.

ಕಲಬುರಗಿಗೆ ಸಮುದ್ರವಿಲ್ಲ. ಆದರೆ ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ಸೋಲಾಪುರ, ಕಲಬುರಗಿ, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರು ಮುಟ್ಟಿದಂದಿನಿಂದ ಈ ಊರು ದೂರದ ರೈಲುಗಳ ದಾರಿಯ ಮೇಲಿದೆ. ಬೆಂಗಳೂರಿನಿಂದ ದಿಲ್ಲಿಗೆ ಸುಮಾರು 2,400 ಕಿಲೋಮೀಟರ್ ಓಡುವ ಕರ್ನಾಟಕ ಎಕ್ಸ್‌ಪ್ರೆಸ್ ಆಗಲಿ, ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಆಗಲಿ ಇಲ್ಲಿ ನಿಲ್ಲುವುದು ಕೆಲವೇ ನಿಮಿಷ; ಆ ಬಳಿಕ ಗಂಟೆಗಟ್ಟಲೆ ಬೋಗಿಯೊಳಗಿನವನಿಗೆ ಬೋಗಿಯೇ ಪ್ರಪಂಚ. ಬೇರೆ ಅಂಗಡಿಗೆ ಹೋಗಲಾರದ ಇಂಥ ಕೊಳ್ಳುವವನನ್ನು ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಬಂದಿ ಗ್ರಾಹಕ ಎನ್ನಬಹುದು, ಕಲಬುರಗಿಯ ಮಾತಿನಲ್ಲಿ ಬಂದಿ ಗಿರಾಕಿ. ಹಡಗಿನವನಿಗೆ ಸುತ್ತ ನೀರಿದ್ದರೂ ಕುಡಿಯಲು ಬಾರದು. ಮೇ ತಿಂಗಳಲ್ಲಿ ಉಷ್ಣಮಾಪಕ 40 ಡಿಗ್ರಿ ದಾಟುವ ಈ ನಾಡಿನಲ್ಲಿ ಸ್ಲೀಪರ್ ಬೋಗಿಯಲ್ಲಿ ಕುಳಿತವನ ಪಾಡೂ ಅದಕ್ಕಿಂತ ಬಹಳ ಭಿನ್ನವಲ್ಲ.

ಈ ವ್ಯಾಪಾರದ ಸ್ವರೂಪವನ್ನು ಅರಿಯಲು ಒಂದು ಲೀಟರ್ ನೀರಿನ ಬಾಟಲಿಗಿಂತ ಒಳ್ಳೆಯ ಸಾಧನವಿಲ್ಲ. ರೈಲ್ವೆಯ ಅಡುಗೆ ಮತ್ತು ಪ್ರವಾಸೋದ್ಯಮದ ನಿಗಮವಾದ ಐಆರ್‌ಸಿಟಿಸಿ 1999ರಲ್ಲಿ ಹುಟ್ಟಿತು; ಅದರ ‘ರೈಲ್ ನೀರ್’ 2003ರಲ್ಲಿ ದಿಲ್ಲಿಯ ನಾಂಗ್ಲೋಯಿ ಘಟಕದಿಂದ ಹೊರಬಂತು. ಬಹುಕಾಲ ಲೀಟರ್ ಬಾಟಲಿಯ ಮೇಲೆ ಅಚ್ಚಾಗಿದ್ದ ಬೆಲೆ 15 ರೂಪಾಯಿ. ಜಿಎಸ್‌ಟಿ ಇಳಿಕೆಯ ಹಿನ್ನೆಲೆಯಲ್ಲಿ 2025ರ ಸೆಪ್ಟೆಂಬರ್ 22ರಿಂದ ಅದು 14 ರೂಪಾಯಿಗೂ ಅರ್ಧ ಲೀಟರಿನದು 10ರಿಂದ 9 ರೂಪಾಯಿಗೂ ಇಳಿಯಿತು. ಆದರೆ ಓಡುವ ಬೋಗಿಯಲ್ಲಿ ಬಾಟಲಿಗೆ ಮೂರನೆಯದೊಂದು ಬೆಲೆಯುಂಟು, ಅದು 20 ರೂಪಾಯಿ. ಮಾರುವವನು ಎಡಗೈಯಲ್ಲಿ ಬಕೆಟ್ ಹಿಡಿದು, ನೀರು ಜಿನುಗುವ ಬಾಟಲಿಯನ್ನು ಬಲಗೈಯಿಂದ ಚಾಚಿ, ನೋಟು ಕೈಗೆ ಬರುತ್ತಿದ್ದಂತೆ ಮುಂದಿನ ಸಾಲಿಗೆ ದಾಟಿರುತ್ತಾನೆ. ಹಿಂದಿನಿಂದ ಕೂಗಿದರೆ ‘ಚಿಲ್ಲರೆ ಇಲ್ಲ’, ಇಲ್ಲವೇ ‘ಥಂಡಾ ಐತಲ್ಲ’ ಎಂಬ ಉತ್ತರ. ತಣ್ಣಗೆ ಮಾಡಿದ್ದಕ್ಕೆ ಅಚ್ಚಾದ ಬೆಲೆಯ ಮೇಲೆ ಪೈಸೆಯನ್ನೂ ಕೇಳುವಂತಿಲ್ಲ. ಮಾರಾಟದ ಪೊಟ್ಟಣಗಳಿಗೆ ಅನ್ವಯಿಸುವ 2011ರ ಕಾನೂನುಬದ್ಧ ಮಾಪನದ ನಿಯಮಗಳ ಪ್ರಕಾರ ಅಚ್ಚಾದ ಬೆಲೆ ಎಲ್ಲ ತೆರಿಗೆಗಳನ್ನೂ ಒಳಗೊಂಡ ಗರಿಷ್ಠ ಬೆಲೆ. ಹೋಟೆಲಿನಲ್ಲಿ ಕುಳಿತು ಕುಡಿಯುವ ನೀರಿಗೆ ಹೆಚ್ಚು ಬೆಲೆ ಹಾಕಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದ್ದು ನಿಜ. ಅಲ್ಲಿ ಕುರ್ಚಿ, ಮೇಜು, ಗಾಳಿ, ಸೇವೆ ಎಲ್ಲ ಸೇರಿದೆ ಎಂಬುದು ಅದರ ತರ್ಕ. ರೈಲಿನಲ್ಲಿ ಕುಳಿತ ಸೀಟಿಗೆ ಪ್ರಯಾಣಿಕ ಆಗಲೇ ಹಣ ಕೊಟ್ಟಿರುತ್ತಾನೆ.

ಐದಾರು ರೂಪಾಯಿಗಾಗಿ ಯಾರು ಜಗಳವಾಡುತ್ತಾರೆ ಎಂಬ ಉದಾಸೀನದ ಮೇಲೆಯೇ ಈ ವ್ಯವಹಾರ ನಿಂತಿದೆ. ಒಂದು ಬೋಗಿಯಲ್ಲಿ ಎಪ್ಪತ್ತು ಎಂಬತ್ತು ಮಂದಿ, ಒಂದು ರೈಲಿಗೆ ಇಪ್ಪತ್ತರ ಆಸುಪಾಸು ಬೋಗಿಗಳು, ಬೇಸಿಗೆಯಲ್ಲಿ ಒಬ್ಬೊಬ್ಬರಿಗೆ ಎರಡು ಮೂರು ಬಾಟಲಿ ಎಂದು ಗುಣಿಸಿ ನೋಡಿದರೆ ಆ ಐದಾರು ರೂಪಾಯಿ ಚಿಲ್ಲರೆಯಾಗಿ ಉಳಿಯುವುದಿಲ್ಲ. 2022ರ ಡಿಸೆಂಬರಿನಲ್ಲಿ ಚಂಡೀಗಢ–ಲಖನೌ ರೈಲಿನ ಪ್ರಯಾಣಿಕರೊಬ್ಬರು 15 ರೂಪಾಯಿಯ ಬಾಟಲಿಗೆ 20 ವಸೂಲಿ ಮಾಡಿದ್ದನ್ನು ಚಿತ್ರೀಕರಿಸಿ ದೂರಿದಾಗ ಅಂಬಾಲಾ ವಿಭಾಗದವರು ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿ ದಂಡ ಹಾಕಿದರು. ಅದಕ್ಕೂ ಮುಂಚೆ, 2015ರ ಅಕ್ಟೋಬರಿನಲ್ಲಿ, ರಾಜಧಾನಿ, ಶತಾಬ್ದಿ ರೈಲುಗಳಲ್ಲಿ ರೈಲ್ ನೀರಿನ ಬದಲು ಅಗ್ಗದ ಬಾಟಲಿಗಳನ್ನು ಪೂರೈಸಲಾಗಿದೆ ಎಂಬ ಆರೋಪದ ಮೇಲೆ ಸಿಬಿಐ ದಿಲ್ಲಿ ಮತ್ತು ನೋಯ್ಡಾಗಳಲ್ಲಿ ಶೋಧ ನಡೆಸಿದಾಗ ಸಿಕ್ಕ ನಗದೇ 20 ಕೋಟಿ ರೂಪಾಯಿ ಮುಟ್ಟಿತ್ತು.

ಇದಕ್ಕೆ ಬಕೆಟ್ ಹಿಡಿದವನನ್ನು ಬೈದು ಪ್ರಯೋಜನವಿಲ್ಲ. ರೈಲಿನ ಅಡುಗೆ ಬೋಗಿಯನ್ನು, ಅಂದರೆ ಪ್ಯಾಂಟ್ರಿ ಕಾರನ್ನು ನಡೆಸುವ ಹಕ್ಕು ಟೆಂಡರಿನಲ್ಲಿ ಹೋಗುತ್ತದೆ. ಹೆಚ್ಚು ಪರವಾನಗಿ ಶುಲ್ಕ ಕೊಡುತ್ತೇನೆಂದವನಿಗೆ ಅದು ದಕ್ಕುತ್ತದೆ. ಊಟದ ದರವನ್ನು ರೈಲ್ವೆ ಮಂಡಳಿ ಕಟ್ಟಿಹಾಕಿರುತ್ತದೆ, ಶುಲ್ಕವನ್ನು ಮಾತ್ರ ಪೈಪೋಟಿ ಮೇಲೆತ್ತಿರುತ್ತದೆ; ನಡುವಿನ ಅಂತರವನ್ನು ತುಂಬಲು ಗುತ್ತಿಗೆದಾರನಿಗೆ ಉಳಿಯುವುದು ಪದಾರ್ಥ ಕಡಿಮೆ ಮಾಡುವುದು, ಇಲ್ಲವೇ ಬೆಲೆ ಏರಿಸುವುದು. ಮಾರುವವನಾದರೋ ಬಹಳ ಕಡೆ ಸಂಬಳಕ್ಕಿಂತ ಕಮಿಷನ್ನನ್ನು ನಂಬಿದವನು: ಎಷ್ಟು ಕೂಗಿದನೋ ಅಷ್ಟು ಕೂಲಿ. ರಾತ್ರಿ ಹನ್ನೊಂದಕ್ಕೂ ಬೆಳಗಿನ ಐದಕ್ಕೂ ಚಹಾ ಚಹಾ ಎಂದು ಮಲಗಿದವರನ್ನು ಎಬ್ಬಿಸುವ ಆ ಧ್ವನಿಯ ಹಿಂದೆ ಇರುವುದು ಈ ಲೆಕ್ಕವೇ. ಹಡಗಿನ ಮದ್ಯಪರಿಚಾರಕನು ಬಿಲ್ಲಿನ ಮೇಲೆ ತಾನಾಗಿ ಏರುವ ಭಕ್ಷೀಸಿನ ಮೇಲೆ ಕಣ್ಣಿಟ್ಟು ಮತ್ತೊಂದು ಲೋಟ ತುಂಬಿಸುವುದಕ್ಕೂ ಇದಕ್ಕೂ ಉಡುಪಿನಲ್ಲಷ್ಟೇ ವ್ಯತ್ಯಾಸ.

ಯಾರ ಕೈಯಲ್ಲಿ ಅಡುಗೆಯಿರಬೇಕೆಂಬ ವಿಷಯದಲ್ಲಿ ರೈಲ್ವೆಯೂ ಹಲವು ಸಲ ಮಗ್ಗುಲು ಬದಲಿಸಿದೆ. 2010ರ ನೀತಿಯು ಈ ಕೆಲಸವನ್ನು ಐಆರ್‌ಸಿಟಿಸಿಯಿಂದ ಕಿತ್ತು ವಲಯಗಳಿಗೆ ಕೊಟ್ಟರೆ, 2017ರ ಫೆಬ್ರವರಿಯ ನೀತಿ ಮರಳಿ ನಿಗಮಕ್ಕೇ ಒಪ್ಪಿಸಿ, ಅಡುಗೆ ಮಾಡುವವರು ಬೇರೆ, ಹಂಚುವವರು ಬೇರೆ ಇರಬೇಕೆಂದಿತು. ಅದೇ ವರ್ಷದ ಜುಲೈಯಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ, ಅಂದರೆ ಸಿಎಜಿಯ ವರದಿಯು 74 ನಿಲ್ದಾಣ ಮತ್ತು 80 ರೈಲುಗಳನ್ನು ತಪಾಸಣೆ ಮಾಡಿ ಕಂಡದ್ದನ್ನು ಹೇಳಿತು: ಪಾನೀಯಗಳಿಗೆ ನಲ್ಲಿಯ ನೀರನ್ನು ಶುದ್ಧೀಕರಿಸದೆ ಬಳಸಿದ್ದು, ಕಸದ ಡಬ್ಬಿಗಳಿಗೆ ಮುಚ್ಚಳವಿಲ್ಲದ್ದು, ರೈಲುಗಳಲ್ಲಿ ಬಿಲ್ಲು ಕೊಡದಿದ್ದದ್ದು. ಬಿಲ್ಲಿನ ವಿಷಯ ಸಣ್ಣದೆಂದು ಕಾಣಬಹುದು. ಹೆಚ್ಚಿನ ವಸೂಲಿಗೆ ಸಾಕ್ಷಿಯೇ ಉಳಿಯದಂತೆ ಮಾಡುವುದು ಅದೇ ಆದ್ದರಿಂದ ಉಳಿದ ಎರಡು ತಪ್ಪುಗಳಿಗಿಂತ ಇದೇ ಮೂಲಭೂತವಾದದ್ದು. ಬಿಲ್ಲು ಕೊಡದಿದ್ದರೆ ಊಟವೇ ಉಚಿತ ಎಂಬ ಫಲಕಗಳನ್ನು ರೈಲ್ವೆ ಆಮೇಲೆ ಹಾಕಿತು.

ಇನ್ನೊಂದು ಬಗೆಯ ಒತ್ತಾಯ ಸದ್ದಿಲ್ಲದ್ದು. 2019ರ ಕೊನೆಯಲ್ಲಿ ಪರಿಷ್ಕರಿಸಿದ ದರದಲ್ಲಿ ಸಾಮಾನ್ಯ ರೈಲಿನ ಸಸ್ಯಾಹಾರಿ ಊಟಕ್ಕೆ 80 ರೂಪಾಯಿ, ಸಾದಾ ಚಹಾಕ್ಕೆ 5, ಪುಡಿಚೀಲ ಅದ್ದಿದ ಚಹಾಕ್ಕೆ 10 ಎಂದು ಗೊತ್ತುಮಾಡಲಾಯಿತು. ಬೋಗಿಗೆ ಬರುವುದು ಹೆಚ್ಚಾಗಿ ಚೀಲ ಅದ್ದಿದ್ದೇ. 2022ರ ನವೆಂಬರಿನಲ್ಲಿ ಪಟ್ಟಿಯ ಊಟದ ಜೊತೆಗೆ ಬೇರೆ ತಿನಿಸುಗಳನ್ನೂ ಸ್ವಂತ ಬೆಲೆಗೆ ಮಾರಲು ನಿಗಮಕ್ಕೆ ಅನುಮತಿ ಸಿಕ್ಕಿದ್ದು ಪ್ರಾದೇಶಿಕ ರುಚಿಗೆ, ಮಧುಮೇಹಿಗಳ, ಮಕ್ಕಳ ಆಹಾರಕ್ಕೆ ಅವಕಾಶವಾಗಲೆಂದು. ಜೋಳದ ರೊಟ್ಟಿ, ಶೇಂಗಾ ಹಿಂಡಿಯನ್ನು ನಿರೀಕ್ಷಿಸಿದ ಕಲಬುರಗಿಯವರ ತಟ್ಟೆಗೆ ಬಂದು ಕೂತದ್ದು ಮಾತ್ರ ಹೆಚ್ಚಾಗಿ ಪನೀರಿನ ‘ಸ್ಪೆಷಲ್’. ಎಂಬತ್ತರ ಊಟ ಕೇಳಿದರೆ ‘ಮುಗಿದಿದೆ’.

ಸೇವೆ ಎಲ್ಲಿ ಮುಗಿದು ಮಾರಾಟ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ 2022ರ ಜೂನಿನ ಒಂದು ಬಿಲ್ಲು ಪ್ರಸಿದ್ಧವಾಯಿತು. ದಿಲ್ಲಿ–ಭೋಪಾಲ ಶತಾಬ್ದಿಯಲ್ಲಿ ಮುಂಗಡ ಊಟ ಬೇಡವೆಂದಿದ್ದ ಪ್ರಯಾಣಿಕರೊಬ್ಬರು ಒಂದು ಚಹಾ ಕೇಳಿದಾಗ ಚಹಾಕ್ಕೆ 20, ಸೇವಾಶುಲ್ಕ 50, ಒಟ್ಟು 70 ರೂಪಾಯಿ ಎಂದು ಅದರಲ್ಲಿತ್ತು. ಅದು ನಿಯಮದಂತೆಯೇ ಇತ್ತೆಂಬುದೇ ವಿಚಿತ್ರ. ಗದ್ದಲದ ಬಳಿಕ ಚಹಾ, ಕಾಫಿಗಳ ಮೇಲಿನ ಶುಲ್ಕ ಹೋಯಿತು, ಊಟದ ಮೇಲಿನದು ಉಳಿಯಿತು. 2024ರ ಮಾರ್ಚಿನಲ್ಲಿ ಕಲಬುರಗಿಗೂ ಬೆಂಗಳೂರಿಗೂ ನಡುವೆ ಶುರುವಾದ ವಂದೇ ಭಾರತ್‌ನಲ್ಲಿ ಟಿಕೆಟ್ ಕೊಳ್ಳುವಾಗಲೇ ಊಟ ಬೇಕೋ ಬೇಡವೋ ಎಂದು ಆರಿಸುವವರು ಈ ಇತಿಹಾಸವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಮರು ತಿಂಗಳೇ ವಂದೇ ಭಾರತ್‌ಗಳಲ್ಲಿ ಲೀಟರ್ ಬಾಟಲಿಯ ಬದಲು ಅರ್ಧ ಲೀಟರಿನದು ಬಂತು. ನೀರು ಪೋಲಾಗಬಾರದೆಂಬುದು ಕಾರಣ, ಕೇಳಿದರೆ ಇನ್ನೊಂದು ಅರ್ಧ ಲೀಟರನ್ನು ಹೆಚ್ಚು ಹಣವಿಲ್ಲದೆ ಕೊಡಬೇಕೆಂಬುದು ನಿಯಮ. ಕೇಳಬಹುದೆಂದು ಗೊತ್ತಿಲ್ಲದವನಿಗೆ ಅರ್ಧವೇ ಗತಿ.

ಟಿಕೆಟಿನಿಂದ ಊಟವನ್ನು ಬೇರ್ಪಡಿಸಿ ಮಾರುವುದೇ ತಪ್ಪೆಂದು ಇದರ ಅರ್ಥವಲ್ಲ. ಕನ್ನಡಿಗರೇ ಆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದಾಗ ಪುಕ್ಕಟೆ ತಿಂಡಿಯನ್ನು ಕೈಬಿಟ್ಟು ಟಿಕೆಟನ್ನು ಅಗ್ಗ ಮಾಡಿದರು. ಕೊಡುವುದು ಸೀಟು ಮಾತ್ರ, ಉಳಿದದ್ದು ಬೇಕಾದವರಿಗೆ ಎಂಬ ಒಪ್ಪಂದ ಹತ್ತುವ ಮೊದಲೇ ಬಹಿರಂಗವಾಗಿತ್ತು. ಬೆಲೆ ಮುಂಚೆಯೇ ತಿಳಿದಿರುವುದಕ್ಕೂ ಬಾಗಿಲು ಮುಚ್ಚಿದ ಮೇಲೆ ತಿಳಿಯುವುದಕ್ಕೂ ಇರುವ ವ್ಯತ್ಯಾಸವೇ ವ್ಯಾಪಾರಕ್ಕೂ ಸುಲಿಗೆಗೂ ಇರುವ ವ್ಯತ್ಯಾಸ.

ಆ ವ್ಯತ್ಯಾಸವನ್ನು ನೋಡಬೇಕೆಂದರೆ ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ದೂರದ ಕಮಲಾಪುರಕ್ಕೆ ಹೋದರೆ ಸಾಕು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಲ್ಲಿಯ ಕೆಂಪು ಬಾಳೆ, ದಪ್ಪ ಸಿಪ್ಪೆಯ, ಕೆನೆಬಣ್ಣದ ತಿರುಳಿನ ಸಿಹಿ ಹಣ್ಣು. ಮಾಮೂಲಿ ಬಾಳೆಗಿಂತ ದುಬಾರಿ. ಹೆದ್ದಾರಿಯ ಪಕ್ಕದಲ್ಲಿ ಗೊನೆ ತೂಗುಹಾಕಿ ಮಾರುವವರೂ ಕೂಗುತ್ತಾರೆ, ಬಸ್ಸಿನ ಕಿಟಕಿಗೆ ಹಣ್ಣು ಹಿಡಿಯುತ್ತಾರೆ, ‘ತಗೋರಿ ಅಕ್ಕಾ, ಒಂದು ತಿಂದು ನೋಡ್ರಿ’ ಎಂದು ಬೆನ್ನು ಹತ್ತುತ್ತಾರೆ. ಆದರೆ ಪಕ್ಕದಲ್ಲೇ ಇನ್ನೊಂದು ಗೊನೆ ತೂಗುತ್ತಿರುವುದರಿಂದ ಚೌಕಾಶಿಗೆ ಅರ್ಥವಿದೆ, ಬೇಡವೆಂದು ನಡೆದುಬಿಡುವುದಕ್ಕೆ ದಾರಿಯಿದೆ. ಒತ್ತಾಯದ ಮಾರಾಟದಲ್ಲಿ ಕೇಡಿನದು ಗಂಟಲಲ್ಲ, ಮುಚ್ಚಿದ ಬಾಗಿಲು. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ್–ಕಲಬುರಗಿ ಮಾರ್ಗದಲ್ಲಿ ಕಮಲಾಪುರಕ್ಕೂ ನಿಲ್ದಾಣ ಬಂದಿದೆ. ಈ ಮಾರ್ಗದ ಸ್ಥಳೀಯ ರೈಲುಗಳಲ್ಲಿ ಅಡುಗೆ ಬೋಗಿಯಿಲ್ಲ. ಅಲ್ಲಿ ಪರವಾನಗಿಯಿಲ್ಲದೆ ಬುಟ್ಟಿ ಹೊತ್ತು ಹತ್ತಿದವರು 1989ರ ರೈಲ್ವೆ ಕಾಯ್ದೆಯ 144ನೇ ಕಲಮಿನಡಿ ಒಂದು ವರ್ಷದವರೆಗಿನ ಸೆರೆಗೆ ಅಥವಾ ಎರಡು ಸಾವಿರ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗಬಹುದು. ಪರವಾನಗಿ ಪಡೆದು ಆರು ರೂಪಾಯಿ ಹೆಚ್ಚು ಕೀಳುವವನಿಗೆ ಆ ಕಲಮಿನ ಹೆದರಿಕೆಯಿಲ್ಲ.

ರಾತ್ರಿ ಬಸ್ಸುಗಳ ಕಥೆಯಲ್ಲಿ ತೆರೆದ ಬಾಗಿಲೂ ಬಂದಿ ಗಿರಾಕಿಯೂ ಎರಡೂ ಸೇರಿವೆ. ಕಲಬುರಗಿಯಿಂದ ಬೆಂಗಳೂರಿಗೆ, ಪುಣೆಗೆ ಹೊರಟ ಖಾಸಗಿ ಬಸ್ಸು ಊರುಗಳನ್ನೆಲ್ಲ ಬಿಟ್ಟು ಬಯಲಿನ ಯಾವುದೋ ಒಂದೇ ಧಾಬಾದ ಮುಂದೆ ನಿಂತಾಗ ಬಾಗಿಲು ತೆರೆದಿದ್ದರೂ ಹೋಗಲು ಇನ್ನೊಂದು ಕಡೆಯಿರುವುದಿಲ್ಲ. ಚಾಲಕ, ನಿರ್ವಾಹಕರ ಊಟ ಒಳಗೆ ಪುಕ್ಕಟೆ ಎಂಬುದನ್ನು ದಾರಿಯ ಜನರೆಲ್ಲ ಬಲ್ಲರು.

ರೈಲಿನವನಿಗೆ ಕೆಲವು ಪರ್ಯಾಯಗಳು ಇವೆ. ಸಾಮಾನ್ಯ ಬೋಗಿಗಳು ನಿಲ್ಲುವ ಜಾಗದ ಎದುರಿಗೆ 20 ರೂಪಾಯಿಯ ಪೂರಿ ಪಲ್ಯ, 3 ರೂಪಾಯಿಗೆ 200 ಮಿಲಿಲೀಟರ್ ನೀರು ಮಾರುವ ಯೋಜನೆಯನ್ನು ರೈಲ್ವೆ 2023ರ ಜುಲೈಯಲ್ಲಿ ಪ್ರಕಟಿಸಿತು. ಬುತ್ತಿ ಕಟ್ಟಿಕೊಂಡು ಹೋಗುವುದಕ್ಕೆ ಹಡಗಿನ ಕಟ್ಟಳೆಗಳು ರೈಲಿನಲ್ಲಿ ಅಡ್ಡಬರುವುದಿಲ್ಲ. ಶೇಂಗಾ ಹಿಂಡಿ, ಕಟಿ ರೊಟ್ಟಿ ಕಲಬುರಗಿಯಿಂದ ದಿಲ್ಲಿಯವರೆಗೂ ಕೆಡವು. ಕೊಂಡೇ ಕುಡಿಯುವವರು ಮೊದಲು ಬಾಟಲಿ ತಿರುಗಿಸಿ ಅಚ್ಚಾದ ಬೆಲೆ ನೋಡಬೇಕು, ಆಮೇಲೆ ನೋಟು ಕೊಡಬೇಕು, ಬಿಲ್ಲು ಕೇಳಬೇಕು, ಮಾರುವವನ ಬಿಲ್ಲೆಯ ಸಂಖ್ಯೆಯನ್ನೂ ಬೋಗಿಯ ಸಂಖ್ಯೆಯನ್ನೂ ಗುರುತಿಟ್ಟುಕೊಳ್ಳಬೇಕು. ಈಗ 20 ರೂಪಾಯಿ ಕೊಟ್ಟವರಿಗೆ 6 ರೂಪಾಯಿ ಮರಳಿ ಬರಬೇಕು. ಬಾರದಿದ್ದರೆ ಕರೆ ಮಾಡಬೇಕಾದ ಸಂಖ್ಯೆ 139.