ಕೂಡ್ಲಿ ನೀರು ನಮ್ಮ ನಲ್ಲಿಗೇ ಬರುತ್ತದೆ, ಸ್ವಾಮೀ!

ದಾವಣಗೆರೆ: ಭದ್ರಾ ನಾಲೆ ನೀರಿನ ವರದಿಗೆಂದು ಮೂರು ದಿನ ಶಿವಮೊಗ್ಗ ಕಡೆ ಹೋಗಿದ್ದೆ. ಕೆಲಸ ಎರಡೇ ದಿನಕ್ಕೆ ಮುಗಿಯಿತು. ಕೊನೇ ದಿನ ಸಂಜೆ ಬಸ್ಸಿನ ತನಕ ಪುರುಸೊತ್ತು. ಹೊರಡುವಾಗ ಅವ್ವ ಬಾಟ್ಲಿಯೊಂದನ್ನು ಕೈಗಿಟ್ಟು, "ಕೂಡ್ಲಿ ತೀರ್ಥ ತಗೊಂಬಾರೋ" ಅಂದಿದ್ದಳು.

ಬೆಳಿಗ್ಗೆ ಶಿವಮೊಗ್ಗದ ಕೋಟೆ. ಸೀತಾರಾಮಾಂಜನೇಯನಿಗೆ ಕೈಮುಗಿದು, ಶಿವಪ್ಪನಾಯಕನ ಅರಮನೆಯಲ್ಲಿಟ್ಟ ಹಳೇ ಕಲ್ಲುಗಳನ್ನು ನೋಡಿ, ಹೊಳೆ ದಂಡೆಗಿಳಿದೆ. ತುಂಗಾ ಪಾನ, ಗಂಗಾ ಸ್ನಾನ ಅನ್ನುತ್ತಾರಲ್ಲ, ಪಾನ ಮಾಡುವ ಧೈರ್ಯ ಬರಲಿಲ್ಲ ನೋಡಿ! ದಂಡೆಗುಂಟ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಚರಂಡಿ ಎಲ್ಲಿ ಬಂದು ಸೇರುತ್ತದೆಂದು ಮೂಗೇ ಹೇಳುತ್ತದೆ.

ಅಲ್ಲಿಂದ ಭದ್ರಾವತಿ. ಹಳೇನಗರದ ಲಕ್ಷ್ಮೀನರಸಿಂಹ ಗುಡಿ ಹೊಯ್ಸಳರ ಕಾಲದ್ದು, 13ನೇ ಶತಮಾನದ್ದು. ಮೂರು ಗರ್ಭಗುಡಿ: ನರಸಿಂಹ, ವೇಣುಗೋಪಾಲ, ಪುರುಷೋತ್ತಮ. ಜಗಲಿಯ ಮೇಲೆ ಕೂತರೆ ಎದ್ದೇಳಲು ಮನಸ್ಸಾಗದು. ಊರಿಗೆ ಮಾತ್ರ ಆ ನೆಮ್ಮದಿಯಿಲ್ಲ. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಅಲ್ಲಿಂದೀಚೆ ಊರಿಗೆ ಅದೇ ಮಾತು. ಕಾರ್ಖಾನೆ ಓಡುವಾಗ ಹೊಳೆ ಕೆಡಿಸಿತು ಅಂತ ಬೈದವರುಂಟು. ಈಗ ಸಂಬಳವೂ ಹೋಯಿತು, ಹೊಳೆಯೂ ಚೊಕ್ಕಟವಾಗಲಿಲ್ಲ!

ಹೊಳೆಹೊನ್ನೂರಿಗೆ ಬಸ್ಸು, ಅಲ್ಲಿಂದ ಆಟೋ. ಕೂಡ್ಲಿ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ನೆತ್ತಿಗೇರಿತ್ತು. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಇಲ್ಲಿ ಒಂದಾಗುತ್ತವೆ. ಸಂಗಮದಲ್ಲಿ ಪುಟ್ಟ ನಂದಿಯ ಗುಡಿ. ಮೇಲೆ ರಾಮೇಶ್ವರ, ನರಸಿಂಹರ ಹಳೇ ಗುಡಿಗಳು. ದಕ್ಷಿಣದ ಕಾಶಿ ಅಂತ ಜನ ಅಸ್ಥಿ ಬಿಡಲು ಬರುತ್ತಾರೆ. ಏಳು ವರ್ಷದ ಹಿಂದೆ ಅಪ್ಪನ ಅಸ್ಥಿ ಬಿಟ್ಟದ್ದೂ ಇದೇ ಮೆಟ್ಟಿಲಲ್ಲಿ.

ಅದೇ ಮೆಟ್ಟಿಲ ಬುಡದಲ್ಲಿ ಪಂಚೆ, ಸೀರೆ, ಹರಿದ ಹಾಸಿಗೆ ನೀರಲ್ಲಿ ಕೊಳೆಯುತ್ತಿದ್ದವು. ಹೂವಿನ ಬುಟ್ಟಿ ಹಿಡಿದ ಅಜ್ಜನೊಬ್ಬ ಕೋಲಿನಿಂದ ಒಂದೊಂದನ್ನೇ ದಡಕ್ಕೆಳೆಯುತ್ತಿದ್ದ.

"ಬಟ್ಟೆ ಬಿಡೋದು ಶಾಸ್ತ್ರನಾ ಅಜ್ಜಾ?"

"ಯಾವ ಶಾಸ್ತ್ರನೋ! ಮನೇಗೆ ವಾಪಸ್ ಒಯ್ಯೋಕೆ ಬೇಜಾರು, ಬಿಸಾಕ್ತಾರೆ. ನಿಮ್ದು ಯಾವೂರಪ್ಪಾ?"

"ದಾವಣಗೆರೆ."

"ಹಂಗಾದ್ರೆ ನಿಮ್ಮ ಕಡೆಗೇ ಬರ್ತದೆ ಬಿಡು."

ನಾನು ಸುಮ್ಮನಾದೆ. ಅಪ್ಪನ ಪಂಚೆ, ಟವೆಲ್ಲು ಗಂಟುಕಟ್ಟಿ ಹೊಳೆಗೆ ಬಿಟ್ಟವನು ನಾನೇ ಅಂತ ಅಜ್ಜನಿಗೆ ಹೇಗೆ ಹೇಳುವುದು?

ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು, ರಸಾಯನಶಾಸ್ತ್ರ ತಲೆಗೆ ಹತ್ತಲಿಲ್ಲ. ಆದರೆ ಈ ಲೆಕ್ಕಕ್ಕೆ ಡಿಗ್ರಿ ಬೇಡ, ಓದುಗರೇ. ಕುಂದುವಾಡ ಕೆರೆಗೆ ಬರುವುದು ನಾಲೆ ನೀರು, ಜಲಾಶಯದಿಂದ ಬಂದದ್ದು. ರಾಜನಹಳ್ಳಿಯಲ್ಲಿ ಎತ್ತುವುದು ಹೊಳೆ ನೀರು: ಶಿವಮೊಗ್ಗ, ಭದ್ರಾವತಿ, ಕೂಡ್ಲಿ, ಹೊನ್ನಾಳಿ ಎಲ್ಲಾ ದಾಟಿ ಬಂದದ್ದು. 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಪಾದಯಾತ್ರೆ ಶೃಂಗೇರಿಯಿಂದ ಹೊರಟು ಹೊಳೆಗುಂಟ ನಡೆದು ಇದನ್ನೇ ಸಾರಿತು. ನಾವು ಫೋಟೋ ಹಾಕಿ ಸುಮ್ಮನಾದೆವು. ಶೋಧಿಸಿ ಬಿಡುತ್ತಾರಲ್ಲ ಅಂತೀರಾ? ಶೋಧಿಸುವ ಖರ್ಚು ಯಾರ ತಲೆಗೆ? ಮೇಲಿನ ಊರಿನ ಚರಂಡಿ ಮೇಲೇ ಶುದ್ಧವಾಗಲಿ ಅಂತ ನಮ್ಮ ಮಾನ್ಯ ಪುರಪಿತೃಗಳು ಒಂದು ಕಾಗದವನ್ನಾದರೂ ಬರೆಯಲಿ.

ಹೊಳೆ ನಡುವಿಗೆ ಮೊಣಕಾಲು ತನಕ ಇಳಿದು ಬಾಟ್ಲಿ ತುಂಬಿಸಿದೆ. ನೀರು ತಿಳಿಯಾಗಿಯೇ ಕಂಡಿತು. ಹೊರಡುವ ಮುಂಚೆ ಅಜ್ಜನ ಕೈಯಿಂದ ಕೋಲು ಇಸಕೊಂಡು ನಾಲ್ಕು ಬಟ್ಟೆ ಎಳೆದು ಹಾಕಿದೆ. ಹೊನ್ನಾಳಿ ಮೇಲೆ ಹಾಯ್ದು ಬಸ್ಸು ಊರು ಸೇರಿದಾಗ ರಾತ್ರಿ ಹತ್ತು.

ಅವ್ವ ಎದ್ದೇ ಕೂತಿದ್ದಳು. ಬಾಟ್ಲಿಯನ್ನು ಕಣ್ಣಿಗೊತ್ತಿಕೊಂಡು ಅಂಗೈಗೆ ಸುರಿದುಕೊಂಡಳು. "ಕಾಯ್ಸಿ ತಗೋಳವ್ವಾ" ಅಂದೆ. ತೀರ್ಥ ಯಾರಾದರೂ ಕಾಯಿಸುತ್ತಾರೇನೋ ಅಂತ ನನ್ನನ್ನೇ ಗದರಿದಳು.